ಓದದೆ ಕೊಟ್ಟ ಕಡಲ ಕಥೆ

ಕಳೆದ ವಾರ ಮೂಡಬಿದಿರೆಯ ಒಂದು ಪುಸ್ತಕದಂಗಡಿಯಲ್ಲಿ ನಿಂತಿದ್ದೆ. ತಂಗಿಯ ಮೊಮ್ಮಗನಿಗೆ ಹತ್ತು ವರ್ಷ. ಅವನ ಕೈಯಿಂದ ಮೊಬೈಲು ಬಿಡಿಸಲು ಒಳ್ಳೆಯ ಸಾಹಸ ಕಾದಂಬರಿಗಳನ್ನು ಆರಿಸಿ ಕೊಡಬೇಕೆಂದು ನನಗೆ ಅಪ್ಪಣೆಯಾಗಿತ್ತು. ಒಂದನ್ನು ಬಿಡಿಸಿದೆ, ಹೊಸ ಕಾಗದದ ವಾಸನೆ ಬಂತು. ನಿಮಗದು ಹಿತವಾಗಿರಬಹುದು. ನನಗೆ ಕಿವಿ ಬಿಸಿಯಾಗುತ್ತದೆ.

ಗುರುವಾಯನಕೆರೆ ಹತ್ತಿರದ ಒಂದು ಶಾಲೆಯಲ್ಲಿ ನಾನು ಕನ್ನಡ ಮಾಸ್ತರನಾಗಿದ್ದೆ. ಪುಸ್ತಕದ ಕಪಾಟಿನ ಬೀಗದ ಕೈಯೂ ನನ್ನಲ್ಲೇ ಇತ್ತು. ಹುಡುಗರ ಓದು ಸಾಹಸದ ಕಥೆಗಳಿಂದಲೇ ಶುರುವಾಗಬೇಕೆಂದು ಭಾಷಣ ಬಿಗಿದು, ಮುಖಪುಟದಲ್ಲಿ ಹಡಗು, ಕತ್ತಿ ಕಂಡದ್ದನ್ನೆಲ್ಲ ತರಿಸಿದ್ದೆ. ಹಿಂಬದಿಯ ನಾಲ್ಕು ಸಾಲು ಓದಿಕೊಂಡು, ಏಳು ಸಮುದ್ರ ಸುತ್ತಿ ಬಂದವನಂತೆ ವರ್ಣಿಸುತ್ತಿದ್ದೆ. ಪೊಳಲಿಗೆ ಹೋದರೆ ಫಲ್ಗುಣಿ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿಯಲೂ ಹೆದರುವವನು ನಾನು.

ಏಳನೆಯ ತರಗತಿಯ ರಫೀಕನಿಗೆ ಮಾತು ಕಡಿಮೆ. ಅವನ ತಂದೆ ಗಲ್ಫಿನಲ್ಲಿದ್ದಾರೆ ಎಂದು ನನಗೆ ಗೊತ್ತಿತ್ತು. ಐದು ತಿಂಗಳಿಂದ ಅವರ ಫೋನೇ ಬಂದಿಲ್ಲ ಎಂಬುದು ಗೊತ್ತಿರಲಿಲ್ಲ. ಮಗನನ್ನು ದಡದಲ್ಲಿ ಬಿಟ್ಟು ಅಪ್ಪ ಹಡಗು ಹತ್ತುವ ಕಥೆಯೊಂದನ್ನು ಕೊಟ್ಟಾಗ ಅವನು ಕೇಳಿದ:

"ಸರ್, ಇದರಲ್ಲಿ ಅಪ್ಪ ವಾಪಸ್ ಬರ್ತಾರಾ?"

"ಬರ್ತಾರೆ ಮಾರಾಯ. ಧೈರ್ಯದಲ್ಲಿ ಓದು," ಎಂದೆ.

ಎರಡು ವಾರ ಕಳೆದು ಪುಸ್ತಕ ಮರಳಿಸಿದ. ಅದೇ ವಾರ ಅಂಕಪಟ್ಟಿಗೆ ಸಹಿ ಹಾಕಲು ಅವನ ತಾಯಿ ಬಂದರು. ತನಗೆ ಕನ್ನಡ ಓದಲು ಬಾರದು, ಮಗ ದಿನಾ ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದ ಎಂದು ತುಳುವಿನಲ್ಲಿ ಹೇಳಿದರು. ಫೋನು ಬಾರದ ಸಂಗತಿ ನನಗೆ ತಿಳಿದದ್ದು ಆಗಲೇ. ಕೊನೆಗೆ ಅವರು ಅದನ್ನೇ ಕೇಳಿದರು: ಕಥೆಯ ಅಪ್ಪ ಬಂದದ್ದು ಹೌದಾ?

ಪುಸ್ತಕವನ್ನು ನಾನಿನ್ನೂ ಬಿಡಿಸಿರಲಿಲ್ಲ. ಆದರೂ ಹೌದು ಎಂದೆ.

"ಅವನೂ ಹಾಗೇ ಹೇಳಿದ," ಎಂದರು ಆ ತಾಯಿ. "ಆದರೆ ಹೇಳುವಾಗ ಪುಸ್ತಕ ಮುಚ್ಚಿಟ್ಟಿದ್ದ."

ಅವರು ಹೋದ ಮೇಲೆ ಕಪಾಟಿನ ಪಕ್ಕದಲ್ಲೇ ನಿಂತು ಕೊನೆಯ ಅಧ್ಯಾಯ ಓದಿದೆ. ಹಡಗು ಮುಳುಗುತ್ತದೆ. ಅಪ್ಪ ಬರುವುದಿಲ್ಲ.

ಮರುದಿನ ರಫೀಕನನ್ನು ಕರೆದೆ. ಕ್ಷಮೆ ಕೇಳಬೇಕೆಂದೇ ಕರೆದದ್ದು. ಅವನು ನನಗಿಂತ ಮೊದಲು, ಮೆತ್ತಗೆ ಕೇಳಿದ: "ನೀವು ಅದನ್ನು ಓದಿರ್ಲಿಲ್ಲ ಅಲ್ವಾ ಸರ್?"

ಹನ್ನೆರಡು ವರ್ಷದ ಹುಡುಗನೆದುರು ಒಂದು 'ಇಲ್ಲ' ಹೇಳಿದ್ದರೆ ಮುಗಿಯುತ್ತಿತ್ತು. "ಓದಿದ್ದೆ, ಮರೆತುಹೋಗಿತ್ತು," ಎಂದೆ. ಅವನು ತಲೆಯಾಡಿಸಿದ. ನಂಬಿದವನಂತಲ್ಲ, ನನ್ನ ಮಾನ ಉಳಿಸುವವನಂತೆ. ತಾಯಿಗೆ 'ಬಂದರು' ಎಂದಾಗಲೂ ಹಾಗೆಯೇ ತಲೆಯಾಡಿಸಿದ್ದನೋ ಏನೋ.

ಮರುವರ್ಷ ಅವನ ತಂದೆ ಬಂದರು. ಕೆಲಸ ಕೊಟ್ಟವನು ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡಿದ್ದನಂತೆ. ಊರೆಲ್ಲ ಸಂತೋಷಪಟ್ಟಿತು, ನಾನೂ ಪಟ್ಟೆ. ಆದರೆ ಅವರು ಬಂದದ್ದರಿಂದ ನನ್ನ ಸುಳ್ಳು ನಿಜವಾಗಲಿಲ್ಲ. ರಫೀಕ್ ಮತ್ತೆಂದೂ ನನ್ನ ಕಪಾಟಿನ ಹತ್ತಿರ ಬರಲಿಲ್ಲ.

ಕಳೆದ ವಾರ ಆ ಅಂಗಡಿಯಲ್ಲಿ ನಾನು ಕೊಂಡದ್ದು ಒಂದೇ ಪುಸ್ತಕ. ಮೂರು ದಿನ ಕೂತು ಕೊನೆಯ ಪುಟದವರೆಗೆ ಓದಿ, ಆಮೇಲೆ ಮೊಮ್ಮಗನ ಮುಂದಿಟ್ಟೆ. "ಒಂದು ವಿಷಯ ಉಂಟು. ಇದರಲ್ಲಿ ಹುಡುಗನ ಕುದುರೆ ಸಾಯ್ತದೆ. ನಾನು ಅತ್ತಿದ್ದೇನೆ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮೊಬೈಲು ಕೆಳಗಿಟ್ಟು, "ಎಷ್ಟನೇ ಪುಟ ಅಜ್ಜ?" ಎಂದು ಕೇಳಿದ.