ಹಾಸು ಎತ್ತಲು ಹೇಳುವವರು

ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಯಾರಾದರೂ ಹಾಲು ಕೊಟ್ಟರೆ ಅದರಲ್ಲಿ ನೀರೆಷ್ಟು ಎಂದು ನೋಡುವವನು, ನೀರು ಕೊಟ್ಟರೆ ಯಾವ ಬಾವಿಯದೆಂದು ಕೇಳುವವನು. ಅಪ್ಪ ತೀರಿಕೊಂಡು ನಂಜನಗೂಡಿನ ನಮ್ಮ ಮಗ್ಗದ ಮನೆ ನನ್ನ ಕೈಗೆ ಬಂದ ಮೇಲೆ ಈ ಬುದ್ಧಿ ಇನ್ನೂ ಬಲಿಯಿತು. ಎಂಟು ಮಗ್ಗ, ಹತ್ತು ಹನ್ನೆರಡು ಆಳು. ಅವರ ಜೊತೆಗೆ ಅಪ್ಪನ ಕಾಲದಿಂದ ಇದ್ದ ಒಬ್ಬ ಮುದುಕರು. ಎಲ್ಲರಿಗೂ ಅವರು ದೊಡ್ಡಯ್ಯ.

ಕಣ್ಣು ಮಂಜಾದ ಮೇಲೆ ದೊಡ್ಡಯ್ಯ ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಟ್ಟಿದ್ದರು. ಆದರೆ ಬೆಳಿಗ್ಗೆ ಬೀದಿಯುದ್ದಕ್ಕೂ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದ ನೂಲನ್ನು, ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಲ್ಲಿ ತೀಡುವಾಗ ಅವರಿಲ್ಲದೆ ಆಗುತ್ತಿರಲಿಲ್ಲ. ಗಂಜಿ ಹಸಿಯಿದ್ದಾಗ ಎತ್ತಿದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಹೆಚ್ಚು ಒಣಗಿದರೆ ಕಡ್ಡಿಯಂತೆ ಮುರಿಯುತ್ತವೆ. ದೊಡ್ಡಯ್ಯ ಎರಡು ಬೆರಳಲ್ಲಿ ನೂಲು ಮುಟ್ಟಿ “ಎತ್ರಲಾ” ಅನ್ನುವವರೆಗೂ ಯಾರೂ ಹಾಸು ಎತ್ತುತ್ತಿರಲಿಲ್ಲ. ಆಳುಗಳ ಜಗಳ ತೀರುತ್ತಿದ್ದುದೂ ಅವರ ಹತ್ತಿರವೇ. ತಿರುಮಕೂಡಲು ನರಸೀಪುರದಲ್ಲಿ ಹೊಸದಾಗಿ ಮಗ್ಗ ಹೂಡಿದ್ದ ಸಾಹುಕಾರನೊಬ್ಬ ಅವರನ್ನು ಹಾರಿಸಿಕೊಂಡು ಹೋದಾನು ಎಂಬ ಭಯ ನನಗೆ. ಅವರ ಮಗಳ ಮನೆ ಬೇರೆ ಅಲ್ಲೇ ಹತ್ತಿರದ ಸೋಸಲೆಯಲ್ಲಿತ್ತು.

ಒಂದು ಬೆಳಿಗ್ಗೆ ಕೋಟು, ಪೇಟದ ಯುವಕರೊಬ್ಬರು ನಮ್ಮ ಬಾಗಿಲಲ್ಲಿ ಗಾಡಿಯಿಂದ ಇಳಿದರು. ಕಾಲೇಜಿನಲ್ಲಿ ಓದಿದವರಂತೆ. ಕಸುಬಿನ ಮನೆಗಳು ಹೇಗೆ ನಡೆಯುತ್ತವೆ, ಹತ್ತು ಜನ ಒಬ್ಬನ ಮಾತು ಯಾಕೆ ಕೇಳುತ್ತಾರೆ ಎಂದು ವಿಚಾರಿಸಿ ಪುಸ್ತಕ ಬರೆಯುತ್ತಾರಂತೆ. ಇದೂ ಒಂದು ಓದೇ ಎಂದುಕೊಂಡೆ. ಬಿಡಾರ ಎಲ್ಲಿ ಎಂದು ಕೇಳಿದರೆ, ನರಸೀಪುರದ ಛತ್ರ ಎಂದರು. ಸಾಹುಕಾರನ ಕಡೆಯವನೇ ಎಂದು ನನಗೆ ಖಾತ್ರಿಯಾಯಿತು.

“ಇಲ್ಲಿ ಆಳುಗಳು ಯಾರ ಮಾತು ಕೇಳ್ತಾರೆ?” ಎಂದವರು ಜಗಲಿಯಲ್ಲಿ ಕೂತಿದ್ದ ದೊಡ್ಡಯ್ಯನ ಕಡೆ ನೋಡಿ, “ಅವರು ಯಾರು?” ಎಂದರು.

“ಅವ್ರಾ? ಕೈಲಾಗದ ಮುದುಕ್ರು ಸಾ. ಉಣ್ಣಕ್ಕೆ ಕುಂತವ್ರೆ, ಅಷ್ಟೇಯ” ಎಂದೆ.

ಅವರು ಬರೆದುಕೊಂಡರು. ಬೀದಿಯಲ್ಲಿ ಕುಂಚದ ಸದ್ದು ನಿಂತಿತು. ಆಳುಗಳೂ ಕೇಳಿಸಿಕೊಂಡಿದ್ದರು, ದೊಡ್ಡಯ್ಯನೂ ಕೇಳಿಸಿಕೊಂಡಿದ್ದರು.

ಮರುದಿನ ಗಂಜಿ ಬಳಿದಾಯಿತು. ದೊಡ್ಡಯ್ಯ ಜಗಲಿಯಲ್ಲಿ ಕೈಕಟ್ಟಿ ಕೂತೇ ಇದ್ದರು. ನಾನು “ಎತ್ರೋ” ಎಂದು ಕೂಗಿದೆ. ಆಳುಗಳು ಅವರ ಮುಖ ನೋಡಿದರು, ನನ್ನದನ್ನಲ್ಲ. ಬಿಸಿಲೇರಿತು, ಅಷ್ಟು ಉದ್ದದ ಹಾಸು ಕಣ್ಣೆದುರೇ ಕೆಟ್ಟಿತು.

“ಯಾಕ್ ದೊಡ್ಡಯ್ಯ, ಒಂದ್ ಮಾತಾಡಬಾರ್ದಾ?”

“ನಾನೇನ್ ಮಾತಾಡ್ಲಪ್ಪ? ಉಣ್ಣಕ್ ಕುಂತಿರೋನು. ಪುಸ್ತಕ್ದಲ್ಲಿ ಬರ್ಕಂಡವ್ರೆ.”

ನರಸೀಪುರದವರು ನಿಮ್ಮನ್ನು ಕರೆದೊಯ್ದಾರೆಂಬ ಭಯಕ್ಕೆ ಹಾಗೆಂದೆ ಎಂದು ಬಾಯಿಬಿಟ್ಟೆ.

“ನಾನೇನ್ ಎತ್ತಾ, ಹಗ್ಗ ಬಿಚ್ಚಿ ಹೊಡ್ಕಂಡೋಗಕ್ಕೆ? ಎಲ್ಲಾರ್ ಎದುರ್ಗೆ ಆಡಿದ್ ಮಾತು, ಎಲ್ಲಾರ್ ಎದುರ್ಗೇ ಅಳಿಸ್ಬೇಕು. ಇಲ್ದಿದ್ರೆ ಮಗಳ ಮನೆಗೋಯ್ತೀನಿ.”

ಗಾಡಿ ಕಟ್ಟಿಸಿಕೊಂಡು ನರಸೀಪುರದ ಛತ್ರಕ್ಕೆ ಹೋದೆ. ಬರೆದದ್ದನ್ನು ಹೊಡೆದುಹಾಕಿಬಿಡಿ, ನಮ್ಮ ಮನೆ ನಡೆಸುವವರು ಆ ಮುದುಕರೇ ಎಂದೆ. ಈಗ ಅನುಮಾನ ಪಡುವ ಸರದಿ ಆ ಯುವಕರದು. “ಮೊನ್ನೆ ಒಂದು, ಇವತ್ತು ಒಂದು. ಯಾವುದು ನಿಜ? ನಾನೇ ಬಂದು ನೋಡ್ತೀನಿ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಆಯಿತು ನನ್ನ ಪಾಡು.

ಅವರು ಬಂದ ಬೆಳಿಗ್ಗೆ ಬೀದಿಯಲ್ಲಿ ಹಾಸು ಕಟ್ಟಿತ್ತು, ಗಂಜಿ ಆರುತ್ತಿತ್ತು. ಎಲ್ಲರೆದುರು ಪೆನ್ಸಿಲು ಹಿಡಿದು, “ಈಗ ಹೇಳಿ, ಇಲ್ಲಿ ಯಾರ ಮಾತು ನಡೆಯುತ್ತೆ?” ಎಂದರು.

ಒಂದೇ ಒಂದು ಮಾತು ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಕಣ್ಣು ಆ ಪೆನ್ಸಿಲಿನ ಮೇಲೆ ಬಿತ್ತು. ಇವರು ಇದನ್ನು ಸಾಹುಕಾರನಿಗೆ ಓದಿ ಹೇಳಿದರೆ? ಮುದುಕರು ಇಷ್ಟು ಹಟ ಹಿಡಿದದ್ದು ಅಲ್ಲಿಗೆ ಹೋಗಲು ನೆವ ಬೇಕೆಂದೇ ಇದ್ದರೆ? ತೆರೆದ ಬಾಯಿ ಮುಚ್ಚಿಕೊಂಡೆ. ಒಂದು ವೀಳ್ಯದೆಲೆ ಮಡಿಸುವಷ್ಟು ಹೊತ್ತು, ಅಷ್ಟೆ.

ದೊಡ್ಡಯ್ಯ ಜಗಲಿಯಿಂದ ಎದ್ದು ಬಂದರು. “ಇವ್ರದೇ ಮಾತು ಸಾ. ನಾನು ಉಣ್ಣಕ್ ಕುಂತಿರೋನು” ಎಂದರು. ಹಾಗೆನ್ನುತ್ತಲೇ ಎರಡು ಬೆರಳಲ್ಲಿ ನೂಲು ಮುಟ್ಟಿ, “ಎತ್ರಲಾ” ಎಂದರು. ಆಳುಗಳೆಲ್ಲ ಒಟ್ಟಿಗೆ ಬಗ್ಗಿ ಹಾಸು ಎತ್ತಿದರು.

ಯುವಕರು ಏನೋ ಬರೆದುಕೊಂಡರು. ನನ್ನನ್ನು ಮತ್ತೇನೂ ಕೇಳಲಿಲ್ಲ.

ದೊಡ್ಡಯ್ಯ ಒಳಗಿನಿಂದ ಬಟ್ಟೆಯ ಗಂಟು ತಂದು ಅವರ ಗಾಡಿಯನ್ನೇ ಹತ್ತಿದರು. ನಾನು ಗಾಡಿಯ ಹಿಂದೆ ಓಡುತ್ತ ಬೀದಿಗೆಲ್ಲ ಕೇಳುವಂತೆ, “ನಿಮ್ ಮಾತೇ ದೊಡ್ಡಯ್ಯ, ಅಪ್ಪನ್ ಕಾಲದಿಂದ್ಲೂ ನಿಮ್ ಮಾತೇ” ಎಂದು ಕೂಗಿದೆ.

“ಗಂಜಿ ಒಣಗೋಯ್ತು ಕಣಪ್ಪ” ಎಂದರು.

ಆ ಸಾಹುಕಾರನಿಗೆ ಇಂಥ ಮುದುಕರೊಬ್ಬರು ಇದ್ದಾರೆಂಬುದೇ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ದೊಡ್ಡಯ್ಯ ಸೋಸಲೆಯಲ್ಲಿ ಯಾರ ಹಾಸನ್ನೂ ಮುಟ್ಟಲಿಲ್ಲವಂತೆ. ಅವರನ್ನು ಆ ದಾರಿ ಹಿಡಿಸಿದವನು ನಾನೇ. ಈಗಲೂ ಗಂಜಿ ಆರುವ ಹೊತ್ತಿಗೆ ಆಳುಗಳು ಒಮ್ಮೆ ಖಾಲಿ ಜಗಲಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ನಾಚಿಕೆಯಾಗುತ್ತದೆ. ನಾನೂ ಜಗಲಿಯನ್ನೇ ನೋಡುತ್ತೇನೆ.