ಕತ್ತಾಳೆ ನಾರಿನ ಚೀಲ

ಎಪ್ಪತ್ತರ ದಶಕದ ಕೊನೆಯಲ್ಲಿ, ಹೆಂಗಸರಿಗೆ ಕತ್ತಾಳೆ ನಾರಿನ ಕೆಲಸ ಕಲಿಸುವ ಟೀಚರಾಗಿ ನಾನು ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಗೆ ಹೋದೆ. ಇಪ್ಪತ್ತೆರಡೂ ತುಂಬಿರಲಿಲ್ಲ. ಮೈಸೂರಿನಲ್ಲಿ ಬೆಳೆದವಳು, ತರಬೇತಿ ಮುಗಿಸಿದ್ದೆನೇ ಹೊರತು ಕೈ ಇನ್ನೂ ಪಳಗಿರಲಿಲ್ಲ.

ಶಾಲೆಯ ಹಿಂದಿನ ಕೋಣೆಯಲ್ಲಿ ನನ್ನ ವಾಸ, ಅದರ ಜಗಲಿಯಲ್ಲೇ ತರಗತಿ. ಹನ್ನೆರಡು ಹೆಂಗಸರು ಬರುತ್ತಿದ್ದರು. ದಾರಿಯುದ್ದಕ್ಕೂ ನಗುತ್ತ ಹರಟುತ್ತ ಬಂದವರು ನನ್ನನ್ನು ಕಂಡೊಡನೆ ಸುಮ್ಮನಾಗುತ್ತಿದ್ದರು. ಸಂಜೆ ಅವರು ಹೊರಟರೆ ಮಾರನೆಯ ದಿನದವರೆಗೆ ನನ್ನ ಜೊತೆ ಮಾತಾಡುವವರಿರಲಿಲ್ಲ. ಭಾನುವಾರವಿಡೀ ಬಾಯಿ ತೆರೆಯದೆ ಕಳೆದು, ಸೋಮವಾರ ಹಾಜರಿ ಕೂಗುವಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಹಾಜರಿಯಲ್ಲಿಲ್ಲದ ಒಬ್ಬ ಅಜ್ಜಿಯೂ ಬರುತ್ತಿದ್ದಳು. ಈಚಲು ಗರಿಯ ಚಾಪೆ ಹೆಣೆಯುವವಳು. ವಯಸ್ಸು ಮೀರಿದ್ದರಿಂದ ಅವಳ ಹೆಸರು ಬರೆದುಕೊಳ್ಳುವಂತಿರಲಿಲ್ಲ. ಆದರೂ ದಿನಾ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು, ಉಳಿದವರು ಹೋದಮೇಲೂ ಸ್ವಲ್ಪ ಹೊತ್ತು ಇರುತ್ತಿದ್ದಳು. ನಾನು ಹೆಣೆದದ್ದು ಸಡಿಲವಾಗಿದ್ದರೆ ಸುಮ್ಮನೆ ಕೈಗೆತ್ತಿಕೊಂಡು, ಬಿಚ್ಚಿ, ನಾರನ್ನು ನೆನೆಸಿ ಮತ್ತೆ ಹೆಣೆದುಕೊಡುತ್ತಿದ್ದಳು. ಒಮ್ಮೆ ತಾನಾಗಿಯೇ ಒಂದು ಚೀಲ ಹೆಣೆದಳು. ಚಾಪೆಯ ಹೆಣಿಗೆಯನ್ನೇ ನಾರಿನಲ್ಲಿ ತಂದಿದ್ದಳು. ಎಲ್ಲೂ ಒಂದು ಗಂಟು ಕಾಣುತ್ತಿರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ನಮ್ಮ ಕೆಲಸ ನೋಡಲು ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಮಾಡಿಟ್ಟದ್ದನ್ನೆಲ್ಲ ಎಳೆದೆಳೆದು ನೋಡಿ, ಇಷ್ಟು ತಿಂಗಳಿಗೆ ಇಷ್ಟೇನಾ ಎಂದು ಸಿಡುಕಿದರು. ನಮ್ಮ ತರಬೇತಿ ಕೇಂದ್ರವನ್ನೇ ಮುಚ್ಚಿಸುವ ಮಾತೂ ಬಂತು. ಆಗ ಆ ಚೀಲ ಅವರ ಕೈಗೆ ಸಿಕ್ಕಿತು. ತಿರುಗಿಸಿ ತಿರುಗಿಸಿ ನೋಡಿ, ಯಾರು ಮಾಡಿದ್ದೆಂದು ಕೇಳಿದರು.

“ನಾನೇ ಸಾರ್,” ಎಂದೆ.

ಅಜ್ಜಿ ಕಂಬದ ಹತ್ತಿರವೇ ಕೂತಿದ್ದಳು. ಹೆಂಗಸರೆಲ್ಲ ಕೇಳಿಸಿಕೊಂಡರು. ಚೀಲ ಜೀಪಿನಲ್ಲಿ ಹೋಯಿತು.

ಮಾರನೆಯ ದಿನದಿಂದ ಅವಳು ಬರಲಿಲ್ಲ. ನಾಲ್ಕನೆಯ ದಿನ ಅವಳ ಮನೆಗೆ ಹೋದೆ. ಅಂಗಳದಲ್ಲಿ ಗರಿ ಸೀಳುತ್ತಿದ್ದಳು. ಯೋಚಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಯಾಕೆ ಬರಲಿಲ್ಲವೆಂದಷ್ಟೇ ಕೇಳಿದೆ.

“ನೀನು ಒಬ್ಳೇ ಇರ್ತೀಯ ಅಂತ ಬಂದು ಕುಂತ್ಕಂತಿದ್ದೆ ಕಣವ್ವ,” ಎಂದಳು. “ಚೀಲ ಹೆಣೆಯಕ್ಕಲ್ಲ.”

ತಪ್ಪಾಯ್ತು ಅಜ್ಜಿ ಎಂದೆ. ಅವಳು ತಲೆ ಎತ್ತದೆ, ಹೊತ್ತಾಯ್ತು ಹೋಗು ಎಂದಳು. ಸಿಟ್ಟಿನ ದನಿಯಲ್ಲ. ಮತ್ತೆಂದೂ ಅವಳು ಜಗಲಿಗೆ ಬರಲಿಲ್ಲ.

ಕೇಂದ್ರ ಉಳಿಯಿತು. ಹೆಂಗಸರು ಬಂದರು, ಕಲಿತರು, ಹೋದರು. ಮರುವರ್ಷ ನನಗೆ ತರೀಕೆರೆಗೆ ವರ್ಗವಾಯಿತು. ಅಲ್ಲಿ ನಮ್ಮ ಕಚೇರಿಯ ಗಾಜಿನ ಬೀರುವಿನಲ್ಲಿ ಆ ಚೀಲವಿತ್ತು, ಕೆಳಗಿನ ಚೀಟಿಯಲ್ಲಿ ನನ್ನ ಹೆಸರು. ಹೆಣೆದವಳು ಅಜ್ಜಿಯೆಂದು ಹೇಳಿ, ಅವಳ ಹೆಸರು ಬರೆಸುವಂತೆ ಗುಮಾಸ್ತರನ್ನು ಕೇಳಿಕೊಂಡೆ. ರಿಜಿಸ್ಟರಿನಲ್ಲಿ ಇಲ್ಲದವರ ಹೆಸರು ಹಾಕಲು ಬರುವುದಿಲ್ಲವೆಂದರು. ಅವರು ಊಟಕ್ಕೆ ಎದ್ದಾಗ ಬೀರು ತೆಗೆದು ಚೀಟಿಯನ್ನು ಕಿತ್ತುಹಾಕಿದೆ.

ಅಷ್ಟನ್ನಾದರೂ ಅವಳಿಗೆ ಹೇಳಬೇಕೆಂದು ಎರಡು ಸಲ ಹೊರಟೆ. ಮೊದಲ ಸಲ ಅವಳ ಮನೆಗೆ ಬೀಗ ಹಾಕಿತ್ತು. ಎರಡನೆಯ ಸಲ ಅಜ್ಜಂಪುರದಲ್ಲಿ ಬಸ್ಸಿಳಿದು, ಅವಳ ಊರಿನ ಬಸ್ಸು ಬಂದು ನಿಂತರೂ, ಚೀಟಿ ಕಿತ್ತರೆ ಅವಳಿಗೇನು ಬಂತು ಅನ್ನಿಸಿ ಹತ್ತದೆ, ತರೀಕೆರೆಗೆ ವಾಪಸಾದೆ.