ಎರಡನೆಯ ಗುಂಡಿನ ದಿಗಿಲು

ಮೊನ್ನೆ ಅಮ್ಮತ್ತಿ ಪೇಟೆಯಲ್ಲಿ ಲಾರಿಯ ಟೈರೊಂದು ಢಮ್ಮೆಂದು ಒಡೆಯಿತು. ನಾನು ಉಸಿರು ಬಿಗಿಹಿಡಿದು ನಿಂತೇಬಿಟ್ಟೆ. "ಹೆದ್ರಿದ್ರಾ ಅಜ್ಜಿ?" ಎಂದ ತರಕಾರಿಯವನು. ಹೆದರಿಕೆಯಂತೆ! ಹೆದರಿಕೆಗೂ ದಿಗಿಲಿಗೂ ವ್ಯತ್ಯಾಸ ತಿಳಿಯದವನ ಹತ್ತಿರ ಏನು ಮಾತಾಡುವುದು?

ನೀವಾದರೂ ಕೇಳಿ. ಮೇಷ್ಟ್ರ ಬೆತ್ತ ಕಂಡರೆ ಆಗುತ್ತಿದ್ದದ್ದು ಅಂಜಿಕೆ. ತೋಟದಲ್ಲಿ ಬಿಸಿ ಆರದ ಆನೆಲದ್ದಿ ಕಂಡರೆ ಹೆದರಿಕೆ. ಗಾಬರಿಗೆ ಕೈಕಾಲುಂಟು, ಮನೆಯೆಲ್ಲ ಓಡಾಡಿಸುತ್ತದೆ. ದಿಗಿಲು ಹಾಗಲ್ಲ ಮಾರಾಯರೇ, ಧಸಕ್ಕೆಂದು ಎದೆಗೆ ಬಿದ್ದು ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ನನಗದರ ಪರಿಚಯವಾದದ್ದು ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲದಲ್ಲಿ, ಬಾಳೆಲೆ ಹತ್ತಿರದ ನಮ್ಮ ಮನೆಯಲ್ಲಿ. ನನಗಾಗ ಹತ್ತು ವರ್ಷ, ಬಾಯಿಗೆ ಮಾತ್ರ ಇಪ್ಪತ್ತು.

ಆಗ ನಮ್ಮಲ್ಲಿ ಸುದ್ದಿ ಸಾರುತ್ತಿದ್ದದ್ದು ಕೋವಿ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಹೆಣ್ಣು ಹುಟ್ಟಿದರೆ ಕೋವಿ ಗೋಡೆ ಬಿಟ್ಟು ಇಳಿಯುತ್ತಿರಲಿಲ್ಲ. ಗದ್ದೆಯಾಚೆ ನನ್ನ ಅಕ್ಕನ ಗಂಡನ ಮನೆ. ಮೊದಲ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ, ಅಕ್ಕನೂ ಸತ್ತು ಬದುಕಿದ್ದಳು. ಈ ಸಲ ದಿನ ತುಂಬುವ ಮೊದಲೇ ನೋವು ಬಂದಿದೆಯೆಂದು ಬೆಳಿಗ್ಗೆ ಆಳು ಬಂದು ಹೇಳಿದ. ಅವ್ವ ಹಳೆ ಸೀರೆಗಳ ಗಂಟು ಕಟ್ಟುತ್ತಿದ್ದಳು.

ಢಮ್!

"ಗಂಡು ಹುಟ್ಟಿತ್!" ಎಂದು ಕುಣಿದೆ. ಅವ್ವ ನಗಲಿಲ್ಲ. "ಸುಮ್ನಿರ್" ಎಂದು ಕೈಯೆತ್ತಿದಳು.

ಢಮ್!

ಅಯ್ಯೋ, ಆ ಕ್ಷಣ! ಕುಣಿಯುತ್ತಿದ್ದವಳು ಎತ್ತಿದ ಕಾಲಲ್ಲೇ ನಿಂತೆ. ಅವ್ವ ಬರಿಗಾಲಲ್ಲಿ ಗದ್ದೆಬದುವಿನ ಮೇಲೆ ಓಡಿದಳು; ಹಿಂದೆಯೇ ನಾನು, ಎರಡು ಸಲ ಕೆಸರಿಗೆ ಬಿದ್ದು ಎದ್ದು. ನಾವು ತಲುಪುವಷ್ಟರಲ್ಲಿ ಮೇಲಿನ ಮನೆಯವರೂ ಸಾವಿನ ಮನೆಗೆಂದು ಬಿಳಿ ಪಂಚೆ ಸುತ್ತಿಕೊಳ್ಳುತ್ತಲೇ ಓಡಿ ಬಂದರು.

ಅಂಗಳದಲ್ಲಿ ಬಾವ ಕೋವಿ ಹಿಡಿದು ನಿಂತಿದ್ದ. ಮುಖವೆಲ್ಲ ನಗು!

"ಅವಳಿ ಮಕ್ಕ ಅತ್ತೆ! ಒಂದ್ ಗಂಡ್, ಒಂದ್ ಹೆಣ್ಣ್! ಮೂರೂ ಜನ ಲಾಯ್ಕ್ ಒಳೊ!"

"ಮತ್ತೆ ಎರಡ್ ಗುಂಡ್ ಎಂತಕೆ?" ಅವ್ವ ಚೀರಿದಳು.

"ಹೆಣ್ಣ್‌ಕೂಸಿಗೆ ಬೇಡ್ವಾ ಒಂದ್?"

ಅವ್ವ ಅವನ ಕೈಯಿಂದ ಕೋವಿ ಕಿತ್ತುಕೊಂಡಳು. ಬಡಿದೇ ಬಿಡುತ್ತಾಳೆ ಅಂದುಕೊಂಡೆ. ಆದರೆ ಅವಳು ಅದನ್ನು ಅಪ್ಪಿಕೊಂಡು ಅತ್ತಳು. "ಎರಡ್ ಹೆಣ್ಣ್ ಹೆತ್ತೆ ನಾ. ಯಾರೂ ಒಂದ್ ಗುಂಡೂ ಹೊಡೀಲಿಲ್ಲೆ." ಆಮೇಲೆ ಕೆಸರು ಮೆತ್ತಿದ ನನ್ನನ್ನು ಮುಂದಕ್ಕೆಳೆದು, ಕೋವಿಯನ್ನು ಬಾವನಿಗೇ ಕೊಟ್ಟಳು. "ಹೊಡಿ ಇನ್ನೊಂದ್. ಇವಳಿಗೆ."

ನನ್ನ ಗುಂಡಿನ ಹೊಗೆ ಇನ್ನೂ ಚದುರಿರಲಿಲ್ಲ, ಒಳಗಿನಿಂದ ಅಕ್ಕನ ದನಿ ಬಂತು. ಸೋತ ದನಿ, ಆದರೂ ಅದೇ ಹಳೆಯ ಜಗಳಗಂಟಿ ದನಿ: "ನಂಗೆ ಇಲ್ಲೆನಾ ಅವ್ವಾ?"

ಇಷ್ಟು ವರ್ಷ ಈ ಕತೆಯನ್ನು ನಾನು ಎರಡನೆಯ ಗುಂಡಿಗೇ ನಿಲ್ಲಿಸಿ, ಕೇಳಿದವರನ್ನು ಬೆಚ್ಚಿಬೀಳಿಸಿ ಖುಷಿಪಡುತ್ತಿದ್ದೆ. ಇವತ್ತು ಮೊದಲ ಬಾರಿಗೆ ಅಕ್ಕನ ಪಾಲಿನ ನಾಲ್ಕನೆಯ ಗುಂಡಿನವರೆಗೂ ಹೇಳಿದೆ, ಕಣ್ಣು ತುಂಬಿತು.